ಮುಚ್ಚಳ ತೆಗೆಯದ ಗ್ಲಾಸು

ಅದೇ ಮನೆ, ಮೂರನೇ ಮಹಡಿ
ನವೆಂಬರ್ ೧೪, ಶುಕ್ರವಾರ, ಊಟವಾದ ಮೇಲೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಕಂಪನಿಯವರು ಕೊಟ್ಟ ಬೂಟು ಕಾಲು ಕಚ್ಚುತ್ತದೆ ಎಂದು ಬರೆದಿದ್ದೆಯಲ್ಲ, ಒಳಗೆ ಹಳೇ ಕಾಲುಚೀಲ ತುರುಕಿಕೊಂಡು ಒಂದು ವಾರ ಮನೆಯಲ್ಲೇ ಹಾಕಿ ಓಡಾಡು, ತಾನಾಗಿ ಮೆತ್ತಗಾಗುತ್ತದೆ. ನಮ್ಮ ಪಿಟೀಲು ಹೇಗಿದ್ದಾಳೆ? ಎರಡೂವರೆ ವರ್ಷದ ಕೂಸಿಗೆ ಪಿಟೀಲು ಎಂಬ ಅಡ್ಡಹೆಸರು ಇಟ್ಟವನು ನಾನು ಎಂದು ನಿನಗೆ ಸಿಟ್ಟಿರಬಹುದು, ಆದರೆ ಅವಳು ಊಟದ ಹೊತ್ತಿಗೆ ರಾಗ ಎಳೆಯುವುದನ್ನು ಕೇಳಿದವರು ಯಾರೂ ಇದುವರೆಗೆ ಆಕ್ಷೇಪಣೆ ಎತ್ತಿಲ್ಲ. ಕೊನೆಯ ದವಡೆಹಲ್ಲು ಬಂತೇ? ಹೋದ ತಿಂಗಳು ಎರಡು ದಿನ ನನ್ನ ಹತ್ತಿರ ಬಿಟ್ಟುಹೋಗಿದ್ದೆಯಲ್ಲ, ಆಗ ನನ್ನ ಕಾಲೇಜಿನ ಡಿಕ್ಷನರಿಯ ಮೇಲೆ ಬಣ್ಣದ ಬಳಪದಲ್ಲಿ ಅವಳು ಬರೆದದ್ದನ್ನು ನಾನಿನ್ನೂ ಅಳಿಸಿಲ್ಲ. ಎಮ್ ಅಕ್ಷರದಿಂದ ಪಿ ಅಕ್ಷರದವರೆಗೆ ಎಲ್ಲವೂ ಹಸಿರು.

ನಾನು ಚೆನ್ನಾಗಿದ್ದೇನೆ. ಈ ವಾಕ್ಯವನ್ನು ಹೊಡೆದುಹಾಕೋಣ ಎಂದುಕೊಂಡೆ, ಆಮೇಲೆ ಇರಲಿ ಎಂದು ಬಿಟ್ಟೆ. ಬಿಪಿ ಸರಿಯಾಗಿದೆ, ಮೂರು ಮಹಡಿಯ ಮೆಟ್ಟಿಲನ್ನು ನಡುವೆ ನಿಲ್ಲದೆ ಹತ್ತುತ್ತೇನೆ, ಆ ಮಟ್ಟಿಗೆ ಸುಳ್ಳಲ್ಲ.

ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ನೀನು ಕೇಳಿದ್ದು ಒಂದೇ ಪ್ರಶ್ನೆ. ಡಿಸೆಂಬರ್ ಒಂದಕ್ಕೆ ಸಮುದ್ರದಡಿ ಕೇಬಲ್ ಹಾಕುವ ಹಡಗು ಹತ್ತಬೇಕು, ನಾಲ್ಕು ತಿಂಗಳು ಬರುವಂತಿಲ್ಲ, ಪಿಟೀಲನ್ನು ನನ್ನ ಹತ್ತಿರ ಬಿಡಬಹುದೇ ಎಂದು. ಇಪ್ಪತ್ತರೊಳಗೆ ಕಂಪನಿಗೆ ಉತ್ತರ ಕೊಡದಿದ್ದರೆ ನಿನ್ನ ಜಾಗಕ್ಕೆ ಬೇರೆಯವರು ಹೋಗುತ್ತಾರೆ, ಇನ್ನೊಂದು ಅವಕಾಶ ಯಾವಾಗ ಎಂದು ಹೇಳಲಾಗದು. ಅವಳ ಅಪ್ಪನ ವಿಷಯ ನಾನು ಎತ್ತುವುದಿಲ್ಲ, ಬಿಟ್ಟುಹೋದವನ ಹೆಸರು ಕಾಗದಕ್ಕೆ ದಂಡ. "ಅಪ್ಪಾ, ಹೂಂ ಅಂತ ಒಂದು ಮಾತು ಬರಿ, ಸಾಕು" ಎಂದಿದ್ದೀಯ. ಮಗಳೇ, ನಿನ್ನ ಕಾಗದ ಬಂದ ಮಾರನೇ ದಿನವೇ ನಾನು ಬಡಗಿಯನ್ನು ಕರೆಸಿ ಸಣ್ಣ ಕೋಣೆಗೆ ಕಟಕಟೆ ಇರುವ ಪುಟ್ಟ ಮಂಚ ಮಾಡಿಸಲು ಹೇಳಿದೆ. ಗೋಡೆಗೆ ಹಳದಿ ಬಣ್ಣ ಹೊಡೆಸಿದೆ. ನನ್ನ ಆಸೆ ಏನೆಂಬುದು ಇದರಿಂದ ನಿನಗೆ ತಿಳಿಯಬೇಕು. ಆದರೆ ಆ ಒಂದು ಮಾತು ಇಲ್ಲಿ ಬರೆಯುತ್ತಿಲ್ಲ, ಕೆಳಗೆ ಬರುತ್ತದೆ. ಹೇಳಬೇಕಾದ್ದನ್ನು ಪ್ಯಾರಾದ ತಲೆಯಲ್ಲೇ ಹೇಳಬೇಕು, ಅದಕ್ಕೆ ಟಾಪಿಕ್ ಸೆಂಟೆನ್ಸ್ ಎನ್ನುತ್ತಾರೆ ಎಂದು ನಮ್ಮ ಇಂಗ್ಲಿಷ್ ಮೇಷ್ಟ್ರು ಬಡಿದುಕೊಳ್ಳುತ್ತಿದ್ದರು. ನನಗೆ ಮಾರ್ಕು ಹೋಗುತ್ತಿದ್ದದ್ದೇ ಅಲ್ಲಿ. ಮೊದಲು ಮಂಗಳವಾರ ನಡೆದದ್ದನ್ನು ಓದು.

ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಹಳೇ ಕಂಪನಿಯ ಕಾರು ಬಂತು. ನಿವೃತ್ತನಾಗಿ ಐದು ವರ್ಷಕ್ಕೆ ಇದೇ ಮೊದಲು. ಕಳಿಸಿದವಳು ನನ್ನ ಶಿಷ್ಯೆ. ನಿನಗೆ ನೆನಪಿರಬೇಕು, ನೀನು ಹೈಸ್ಕೂಲಿನಲ್ಲಿದ್ದಾಗ ಮನೆಗೆ ಬಂದು, ನಿಮ್ಮಮ್ಮನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಕಣ್ಣು ಮುಚ್ಚಿಕೊಂಡು ಮೂಸಿ ಒಂದೊಂದರ ಹೆಸರು ಹೇಳಿದಳಲ್ಲ, ಅವಳು. ಈಗ ನಲವತ್ತು ದಾಟಿದೆ, ಕನ್ನಡಕ ಬಂದಿದೆ, ನಾನು ಮೂವತ್ತೊಂದು ವರ್ಷ ಕೂತ ಕುರ್ಚಿಯಲ್ಲಿ ಕೂತು ಹೊರದೇಶದ ಮದ್ಯವನ್ನು ರುಚಿ ನೋಡಿ ಒಪ್ಪಿಸುವುದೋ ತಿರುಗಿಸುವುದೋ ಹೇಳುತ್ತಾಳೆ. "ಸಾರ್, ಸ್ಕಾಚಿನ ಎರಡು ಪೀಪಾಯಿಯಿಂದ ಸ್ಯಾಂಪಲ್ ಬಂದಿದೆ, ಎರಡೂ ಹೊಗೆ ಮಾಲು. ಒಂದನ್ನ ಆರಿಸ್ಬೇಕು. ನೀವು ಬಂದು ಕೂತ್ರೆ ನಮಗೂ ಒಂದು ಧೈರ್ಯ" ಎಂದು ಫೋನು ಮಾಡಿದ್ದಳು. ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಒಂಬತ್ತಕ್ಕೇ ಸಿದ್ಧನಾಗಿ ಕೂತಿದ್ದೆ, ಮದುವೆಗಂಡಿನ ಹಾಗೆ.

ಹೊಗೆ ಮಾಲು ಎಂದರೇನೆಂದು ನೀನು ಚಿಕ್ಕವಳಿದ್ದಾಗ ಕೇಳುತ್ತಿದ್ದೆ, ನಾನು ಹೇಳಲು ಶುರು ಮಾಡಿದರೆ ನಿದ್ದೆ ಹೋಗುತ್ತಿದ್ದೆ. ಜೌಗು ನೆಲದಲ್ಲಿ ಹುಲ್ಲು ಬೇರು ಪಾಚಿ ಎಲ್ಲ ಸಾವಿರಾರು ವರ್ಷ ಕೊಳೆತು ಕಪ್ಪು ಮಣ್ಣಾಗಿರುತ್ತದೆ. ಅದನ್ನು ಇಟ್ಟಿಗೆಯ ಹಾಗೆ ಕತ್ತರಿಸಿ ಒಣಗಿಸಿ ಬೆಂಕಿ ಹಚ್ಚಿದರೆ ಉರಿಗಿಂತ ಹೊಗೆಯೇ ಜಾಸ್ತಿ. ಆ ಹೊಗೆಯ ಮೇಲೆ ಮೊಳಕೆ ಬಾರ್ಲಿಯನ್ನು ಒಣಗಿಸುತ್ತಾರೆ, ಅದು ಮದ್ಯವಾಗಿ ಹತ್ತಿಪ್ಪತ್ತು ವರ್ಷ ಮರದ ಪೀಪಾಯಿಯಲ್ಲಿ ಮಲಗಿ ಎದ್ದರೂ ಹೊಗೆ ಬಿಟ್ಟುಹೋಗುವುದಿಲ್ಲ. ಅದರಲ್ಲೂ ಒಂಟಿ ಪೀಪಾಯಿಯ ಮಾಲು ಎಂದರೆ ಇನ್ನೊಂದರ ಜೊತೆ ಬೆರೆಸಿ ಸರಿಮಾಡಿದ್ದಲ್ಲ, ಆ ಪೀಪಾಯಿಯ ಗುಣ ಅವಗುಣ ಎರಡೂ ಹಾಗೇ ಬಾಟಲಿಗೆ ಇಳಿದಿರುತ್ತದೆ, ಮುಗಿದರೆ ಮುಗಿಯಿತು, ಜಗತ್ತಿನಲ್ಲಿ ಅಂಥದ್ದು ಮತ್ತೊಂದಿಲ್ಲ. ಮುಚ್ಚಳ ತೆಗೆದರೆ ಕೋಣೆಯ ಆ ತುದಿಯಲ್ಲಿದ್ದವರೂ ತಿರುಗಿ ನೋಡುವಂಥ ಘಾಟು. ಒಂದು ಸಲ ನನ್ನ ಅಂಗಿಯ ಮೇಲೆ ಅದು ಚೆಲ್ಲಿದ್ದಾಗ ನಿಮ್ಮಮ್ಮ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ದುಡ್ಡು ಕೊಟ್ಟು ಯಾರಾದ್ರೂ ಬೆಂಕಿಬಿದ್ದ ಆಸ್ಪತ್ರೆ ಕುಡೀತಾರೇನ್ರೀ?" ಎಂದಿದ್ದಳು. ಮೂವತ್ತೊಂದು ವರ್ಷದಲ್ಲಿ ಅದಕ್ಕಿಂತ ಸರಿಯಾದ ವರ್ಣನೆ ನಾನೂ ಬರೆದಿಲ್ಲ.

ಕೋಣೆ ಹಾಗೇ ಇದೆ. ಉತ್ತರದ ಕಿಟಕಿ, ಬಿಳಿ ಬಟ್ಟೆ ಹಾಸಿದ ಉದ್ದನೆಯ ಮೇಜು, ಉಗುಳಲು ತಗಡಿನ ಬೋಗುಣಿ. ಸೆಂಟು, ತಲೆಗೆಣ್ಣೆ, ಈರುಳ್ಳಿ ತಿಂದ ಬಾಯಿ, ಯಾವುದಕ್ಕೂ ಒಳಗೆ ಪ್ರವೇಶವಿಲ್ಲ. ಮೂರು ಗ್ಲಾಸು, ಹೊಟ್ಟೆ ಉಬ್ಬಿ ಕತ್ತು ಸಣ್ಣಗಿರುವಂಥವು, ಪ್ರತಿಯೊಂದರ ಬಾಯಿಗೂ ವಾಸನೆ ಹಾರಿಹೋಗದಂತೆ ತೆಳ್ಳನೆಯ ಗಾಜಿನ ಮುಚ್ಚಳ. ಬಂದ ಪೀಪಾಯಿ ಎರಡಾದರೆ ಗ್ಲಾಸು ಮೂರು ಯಾಕೆ? ಹೆಚ್ಚಿಗೆ ಇರುವ ಒಂದು ಕಳ್ಳ ಗ್ಲಾಸು. ಅದು ನಾನೇ ತಂದ ಪದ್ಧತಿ. ಹೊಗೆಯ ಸೋಂಕೂ ಇಲ್ಲದ ಸಾದಾ ಮಾಲನ್ನು ಅದೇ ಬಣ್ಣ ನೋಡಿ ನಡುವೆ ಸೇರಿಸಿಬಿಡುವುದು, ಯಾವುದೆಂದು ಸುರಿದವರಿಗೆ ಮಾತ್ರ ಗೊತ್ತು. ಎಲ್ಲರೂ ಬಾಯಿ ಬಿಡದೆ ಚೀಟಿಯಲ್ಲಿ ಬರೆಯಬೇಕು. ಕಳ್ಳ ಗ್ಲಾಸಿನಲ್ಲಿ ಹೊಗೆ ಇದೆ ಎಂದು ಬರೆದವನು ಮೂಗಿನಿಂದ ಕೆಲಸ ಮಾಡುತ್ತಿಲ್ಲ, ಊಹೆಯಿಂದ ಮಾಡುತ್ತಿದ್ದಾನೆ ಎಂದು ಅರ್ಥ. ನಮ್ಮಲ್ಲಿ ಒಬ್ಬ ಒಂಟೆ ಇದ್ದ, ಉದ್ದ ಕತ್ತಿನವನು, ನನ್ನ ಜೊತೆಗೇ ಸೇರಿದವನು. ಎರಡು ಸಲ ಕಳ್ಳ ಗ್ಲಾಸಿಗೆ ಸಿಕ್ಕಿಬಿದ್ದ. "ನಾಳೆಯಿಂದ ಲೇಬಲ್ ಅಂಟಿಸೋ ಕಡೆ ಹೋಗಪ್ಪ" ಎಂದು ಎಲ್ಲರ ಮುಂದೆ ಹೇಳಿದವನು ನಾನು. ಅವನು ಮೇಜಿನಿಂದ ಎದ್ದು, ತನ್ನ ಗ್ಲಾಸನ್ನು ತಾನೇ ತೊಳೆದಿಟ್ಟು ಹೋದ.

ಮಂಗಳವಾರ ಮಾತ್ರ ಮಾರಾಟದ ಮ್ಯಾನೇಜರು ಹುರುಪಿನಲ್ಲಿದ್ದ. "ಇವತ್ತು ಚೀಟಿ ಗೀಟಿ ಬೇಡ ಬಿಡ್ರಿ, ಮೂಗಣ್ಣ ಬಂದಿದಾರೆ. ಅವರು ಹೇಳ್ಲಿ, ನಾವು ಕೇಳೋಣ" ಎಂದ. ನನ್ನ ಶಿಷ್ಯೆ ಏನೋ ಹೇಳಲು ಬಾಯಿ ತೆರೆದು ನನ್ನ ಕಡೆ ನೋಡಿದಳು. ನಾನು ಬೇಡ ಎನ್ನಬೇಕಿತ್ತು. ನನ್ನ ಪದ್ಧತಿ, ನಾನೇ ಕಾಯಬೇಕಿತ್ತು. ಆದರೆ ಐದು ವರ್ಷ ಒಂಟಿಯಾಗಿ ಗೋಡೆ ನೋಡಿಕೊಂಡಿದ್ದವನನ್ನು ನಾಲ್ಕು ಜನ ಎದ್ದು ನಿಂತು ಮೂಗಣ್ಣ ಎಂದು ಕರೆದರೆ ತಲೆ ತಿರುಗದೆ ಇರುತ್ತದೆಯೇ? ಕಾಲರ್ ಸರಿಮಾಡಿಕೊಂಡು ಮೊದಲನೇ ಗ್ಲಾಸು ಎತ್ತಿದೆ, ಬೆಳಕಿಗೆ ಹಿಡಿದೆ, ಓರೆ ಮಾಡಿದೆ, ಮೂಗಿಗೆ ತಂದೆ, ದೀರ್ಘವಾಗಿ ಎಳೆದೆ. "ಆಹಾ" ಎಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ಯಾಕೆ ನಕ್ಕರೆಂದು ನನಗೆ ಹೊಳೆಯಲಿಲ್ಲ, ನಾನೂ ನಕ್ಕೆ. ಆಮೇಲೆ ಗ್ಲಾಸನ್ನು ತುಟಿಗೆ ಇಟ್ಟಾಗ ತಣ್ಣನೆಯ ಗಾಜು ತಾಗಿತು. ಮುಚ್ಚಳ ತೆಗೆದೇ ಇರಲಿಲ್ಲ ಮಗಳೇ. ಮುಚ್ಚಳದ ಮೇಲೆ ಮೂಗಿಟ್ಟು ನಾನು ಆಹಾ ಎಂದಿದ್ದೆ.

ಅವರು ಅದನ್ನು ನನ್ನ ಹಳೇ ಚೇಷ್ಟೆ ಎಂದುಕೊಂಡರು. ನಾನು ಮುಚ್ಚಳ ತೆಗೆದು ಮತ್ತೆ ಮೂಸಿದೆ. ಏನೂ ಇಲ್ಲ. ಮೂಗಿನ ಒಳಗೆ ಸೂಜಿ ಚುಚ್ಚಿದಂತೆ ಸ್ಪಿರಿಟ್ಟಿನ ಉರಿ, ಅಷ್ಟೇ. ಆಚೆಗೆ ಏನೂ ಇಲ್ಲ. ಖಾಲಿ ಮನೆಯ ಬಾಗಿಲು ತಟ್ಟಿದಂತೆ. ಬಾಯಿಗೆ ಹಾಕಿಕೊಂಡೆ. ನಾಲಿಗೆಗೆ ಒಂದಿಷ್ಟು ಸಿಹಿ, ಗಂಟಲಿಗೆ ಬಿಸಿ. ಹೊಗೆ ಎಲ್ಲಿ? ಆ ಕ್ಷಣದಲ್ಲಿ ಗ್ಲಾಸು ಕೆಳಗಿಟ್ಟು ನನಗೆ ತಿಳಿಯುತ್ತಿಲ್ಲಪ್ಪ ಎಂದಿದ್ದರೆ ಈ ಕಾಗದ ಗಿಡ್ಡವಾಗಿರುತ್ತಿತ್ತು. ನಾನು ಕಣ್ಣು ಮುಚ್ಚಿಕೊಂಡು ಮಾತಾಡತೊಡಗಿದೆ. ಮಳೆಯಲ್ಲಿ ನೆಂದು ಆರಿದ ಬೂದಿ ಎಂದೆ. ದೋಣಿಗೆ ಬಳಿದ ಟಾರು, ಆಸ್ಪತ್ರೆಯ ಅಯೋಡಿನ್, ಉಪ್ಪುಗಾಳಿ, ಅದರ ಹಿಂದೆ ನಿಂಬೆಸಿಪ್ಪೆ ಎಂದೆ. ಎಲ್ಲವೂ ತಲೆಯೊಳಗೆ ಪಾಠದ ಹಾಗೆ ಇದ್ದವು, ಒಂದೊಂದನ್ನೇ ಎತ್ತಿ ಎತ್ತಿ ಮೇಜಿನ ಮೇಲಿಟ್ಟೆ. ಎರಡನೆಯದಕ್ಕೆ ಹೊಗೆ ಇನ್ನೂ ದಟ್ಟ ಎಂದೆ. ಮೂರನೆಯದಕ್ಕೆ ಹೊಗೆ ಸ್ವಲ್ಪ ಸಂಕೋಚದ್ದು, ಆದರೆ ಆಳವಿದೆ, ಆರಿಸುವುದಾದರೆ ಇದನ್ನೇ ಆರಿಸಿ ಎಂದೆ. ಮ್ಯಾನೇಜರು ಮೂರನೆಯದನ್ನು ಮೂಸಿ, "ಹೌದ್ರೀ, ಆಳ ಇದೆ" ಎಂದ. ಇನ್ನೊಬ್ಬ, "ಬೂದಿ ಬೂದಿ, ಸರಿಯಾಗಿ ಹೇಳಿದ್ರಿ" ಎಂದ. ನನ್ನ ಶಿಷ್ಯೆಯನ್ನು ಬಿಟ್ಟು ನಾಲ್ವರೂ ಒಪ್ಪಿದರು. ನೋಡುವವರಿಗೆಲ್ಲ ಗೊತ್ತಿದ್ದು ಪಾತ್ರಕ್ಕೆ ಮಾತ್ರ ಗೊತ್ತಿಲ್ಲದಿದ್ದರೆ ಡ್ರಮಾಟಿಕ್ ಐರನಿ ಎನ್ನುತ್ತಾರೆ. ಪಾತ್ರಕ್ಕೆ ಗೊತ್ತಿದ್ದು ನೋಡುವವರು ಚಪ್ಪಾಳೆ ತಟ್ಟುತ್ತಿದ್ದರೆ ಅದಕ್ಕೇನು ಹೆಸರೋ, ನಮ್ಮ ಮೇಷ್ಟ್ರು ಅಲ್ಲಿಯವರೆಗೆ ಪಾಠ ಮಾಡಲಿಲ್ಲ.

ಆಮೇಲೆ ನನ್ನ ಶಿಷ್ಯೆ "ಸಾರ್, ಒಂದು ನಿಮಿಷ" ಎಂದು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದಳು. ಕುರ್ಚಿ ಎಳೆದು ನನ್ನನ್ನು ಕೂರಿಸಿ ತಾನು ನಿಂತೇ ಇದ್ದಳು. "ಮೊದಲನೇ ಗ್ಲಾಸಿನ ಮುಚ್ಚಳ ನೀವು ತೆಗೀಲಿಲ್ಲ ಸಾರ್." ತಮಾಷೆ ಮಾಡಿದೆ ಎಂದೆ. "ಹೂಂ, ಅವರೆಲ್ಲ ಹಾಗೇ ಅಂದ್ಕೊಂಡ್ರು" ಎಂದಳು. ಬಾಗಿಲ ಕಡೆ ಒಮ್ಮೆ ನೋಡಿ, "ಮೂರನೇದು ಕಳ್ಳ ಗ್ಲಾಸು" ಎಂದಳು. ನಾನು ಮೇಜಿನ ಮೇಲಿದ್ದ ಕಾಗದ ಒತ್ತುವ ಕಲ್ಲನ್ನು ನೋಡುತ್ತಿದ್ದೆ. ಬೈದಿದ್ದರೆ ಎದ್ದು ಬರಬಹುದಿತ್ತು. ಅವಳು ಬೈಯಲಿಲ್ಲ. "ನಾಳೆ ಚೀಟಿ ಹಾಕಿ ನಾವೇ ಮತ್ತೆ ಕೂರ್ತೀವಿ, ಅದು ದೊಡ್ಡದಲ್ಲ. ಯಾವಾಗಿಂದ ಸಾರ್ ಹೀಗೆ?" ಎಂದಳು. ನಾನು ಆ ಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟೆ. "ಮನೇಲಿ ಒಬ್ಬರೇನಾ ಇರೋದು?" ಎಂದಳು. ಸದ್ಯಕ್ಕೆ ಒಬ್ಬನೇ, ಮುಂದಿನ ತಿಂಗಳಿಂದ ಮೊಮ್ಮಗಳು ಬರುತ್ತಾಳೆ ಎಂದೆ, ಎರಡೂವರೆ ವರ್ಷ ಎಂದೆ, ಹೇಳುವಾಗ ಖುಷಿಯೇ ಆಗಿತ್ತು. ಅವಳ ಮುಖ ಬದಲಾದದ್ದನ್ನು ನೋಡಿದೆ. ಒಂಟೆಯನ್ನು ಎಬ್ಬಿಸಿ ಕಳಿಸಿದ ದಿನ ನನ್ನ ಮುಖ ಹಾಗಿತ್ತೋ ಏನೋ. "ಮಗಳಿಗೆ ಹೇಳಿದೀರಾ ಸಾರ್?" ಎಂದಳು. ಕಾರು ಕಾಯುತ್ತಿದೆ ಎಂದು ನಾನು ಎದ್ದೆ.

ಮನೆಗೆ ಬಂದವನು ಅಂಗಿ ಬಿಚ್ಚದೆ ಅಡುಗೆಮನೆಯ ಮೇಜಿನ ಮೇಲೆ ಒಂದೊಂದೇ ಇಟ್ಟುಕೊಂಡು ಕೂತೆ. ವಿನೆಗರು, ಕಾಫಿಪುಡಿ, ಬೂಟ್ ಪಾಲಿಷು, ಬಟ್ಟೆಯ ನಡುವೆ ಇಡುವ ನುಸಿಗುಳಿಗೆ, ನೆಲ ಒರೆಸುವ ಫಿನಾಯಿಲು. ನಿಮ್ಮಮ್ಮನ ಡಬ್ಬಿಗಳನ್ನು ನನ್ನ ಶಿಷ್ಯೆ ಅಂದು ಮೂಸಿದಂತೆ ನಾನೂ ಕಣ್ಣು ಮುಚ್ಚಿ ಮೂಸಿದೆ, ಕಣ್ಣು ತೆರೆದೂ ಮೂಸಿದೆ. ಕೊನೆಗೆ ಒಂದು ಉಣ್ಣೆಯ ದಾರಕ್ಕೆ ಬೆಂಕಿ ತಾಗಿಸಿ ತಟ್ಟೆಯಲ್ಲಿಟ್ಟೆ. ಹೊಗೆ ನೆಟ್ಟಗೆ ಎದ್ದು ದೀಪದ ಹತ್ತಿರ ಹರಡಿತು. ಕಣ್ಣಿಗೆ ಇತ್ತು, ಕಣ್ಣು ಉರಿಯಿತು, ಮೂಗಿಗೆ ಇರಲಿಲ್ಲ. ಹೊಗೆ ಎನ್ನುವುದು ಹಾಗೆ ಸದ್ದಿಲ್ಲದೆ ಬಂದು ನನ್ನ ಪಕ್ಕದಲ್ಲಿ ನಿಂತಿರಬಲ್ಲದು ಎಂದು ನನಗೆ ಹಗಲು ಹೊತ್ತಿನಲ್ಲೇ ಮೈ ಜುಮ್ಮೆಂದಿತು. ಆಗ ಒಂದೊಂದೇ ಅರ್ಥವಾಗತೊಡಗಿತು. ಒಂದೂವರೆ ವರ್ಷದಿಂದ ನಾನು ಕಾಫಿ ಅಂಗಡಿಯವನ ಜೊತೆ ಪುಡಿಯಲ್ಲಿ ಏನೋ ಬೆರೆಸುತ್ತೀಯ ಎಂದು ಜಗಳವಾಡಿ ಮೂರು ಅಂಗಡಿ ಬದಲಿಸಿದ್ದೇನೆ. ಮೆಟ್ಟಿಲ ಹತ್ತಿರ ನನ್ನ ಕಸದ ಬುಟ್ಟಿ ನಾರುತ್ತದೆ ಎಂದ ಕೆಳಗಿನ ಮನೆಯ ದರ್ಜಿಯಮ್ಮನಿಗೆ, ನಿನಗೆ ಮಾಡಲು ಕೆಲಸವಿಲ್ಲ ಎಂದಿದ್ದೇನೆ. ನನ್ನನ್ನು ಬಿಟ್ಟು ಇಡೀ ಬೀದಿ ಕೆಟ್ಟುಹೋಗಿದೆ ಎಂದು ನಾನು ನಂಬಿದ್ದೆ ನೋಡು.

ಇನ್ನೊಂದು ವಿಷಯ, ಬರೆಯಲೋ ಬೇಡವೋ. ನಿಮ್ಮಮ್ಮನ ಕಂದು ಶಾಲು ಬೀರುವಿನಲ್ಲಿತ್ತಲ್ಲ, ಅವಳು ಹೋದ ಮೇಲೆ ನಿನ್ನ ಚಿಕ್ಕಮ್ಮ ಅಕ್ಕನ ನೆನಪಿಗೆ ಅದೊಂದು ಕೊಡಿ ಎಂದು ಕೇಳಿದ್ದಕ್ಕೆ ಕೊಡುವುದಿಲ್ಲ ಎಂದು ನಾನು ದೊಡ್ಡ ರಂಪ ಮಾಡಿ, ನಾಲ್ಕು ವರ್ಷ ಮಾತು ಬಿಟ್ಟದ್ದು ನಿನಗೆ ಗೊತ್ತು. ಭಾನುವಾರ ಭಾನುವಾರ ಅದನ್ನು ತೆಗೆದು ಮುಖಕ್ಕೆ ಹಿಡಿಯುತ್ತಿದ್ದೆ. ಕಳೆದ ವರ್ಷದಿಂದ ಅದರಲ್ಲಿ ಅವಳಿರಲಿಲ್ಲ. ಕಾಲ ಕಳೆದಂತೆ ವಾಸನೆ ಹೋಗುತ್ತದೆ, ಎಲ್ಲವೂ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಮಂಗಳವಾರ ಮತ್ತೆ ತೆಗೆದೆ. ಅವಳು ಅದರಲ್ಲಿ ಇನ್ನೂ ಇದ್ದಾಳೋ ಇಲ್ಲವೋ ಹೇಳಲು ನಾನು ಯಾರು? ಬುಧವಾರ ಅದನ್ನು ಮಡಿಸಿ, ಕಾಗದ ಸುತ್ತಿ, ನಿನ್ನ ಚಿಕ್ಕಮ್ಮನಿಗೆ ಪಾರ್ಸಲ್ ಮಾಡಿದೆ, ಜೊತೆಗೆ ಒಂದು ಪತ್ರವನ್ನೂ ಇಟ್ಟೆ.

ನಿನ್ನೆ ಮೂಗಿನ ಡಾಕ್ಟರ ಹತ್ತಿರ ಹೋಗಿದ್ದೆ. ಟಾರ್ಚು ಬಿಟ್ಟು ನೋಡಿ, "ಎರಡು ವರ್ಷದ ಹಿಂದೆ ಜೋರು ಜ್ವರ ಬಂದಿತ್ತು ಅಂದ್ರಲ್ಲ ಯಜಮಾನ್ರೇ, ಅದು ತಗೊಂಡು ಹೋಗಿದೆ. ಬರೋದಾಗಿದ್ರೆ ಇಷ್ಟು ಹೊತ್ತಿಗೆ ಬರ್ತಿತ್ತು" ಎಂದರು. ಮುಲಾಮು ಕೊಡುತ್ತೀರಾ ಎಂದೆ, ನಕ್ಕರು. ಹೊಗೆ ಎದ್ದರೆ ಕೂಗುವ ಯಂತ್ರವೊಂದು ಬರುತ್ತದೆ, ಗೋಡೆಗೆ ಹಾಕಿಸಿಕೊಳ್ಳಿ ಎಂದರು. ಹಾಕಿಸುತ್ತೇನೆ. ಅದನ್ನು ಹಾಕಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ, ಹಳದಿ ಕೋಣೆಯಲ್ಲಿ ಪಿಟೀಲು ಮಲಗಬಹುದು, ನಾನು ಬೆಳಿಗ್ಗೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬ್ರೆಡ್ಡಿನ ಅಂಗಡಿಗೆ ಹೋಗಬಹುದು ಎಂದು ನಿನ್ನೆ ಪೂರ್ತಿ ಲೆಕ್ಕ ಹಾಕಿದೆ. ಈ ಕಾಗದವನ್ನೂ ಹಾಗೇ ಮುಗಿಸುವ ಯೋಚನೆಯಲ್ಲಿ ಕೂತಿದ್ದೆ. ಮಂಗಳವಾರ ಮೇಜಿನ ಮೇಲೆ ಎಲ್ಲವನ್ನೂ ಮೂಸಿ ಪರೀಕ್ಷೆ ಮಾಡಿದೆನಲ್ಲ, ಒಂದನ್ನು ಮಾತ್ರ ಮಾಡಲಿಲ್ಲ. ಆ ಪರೀಕ್ಷೆ ಅದಕ್ಕೆ ಮೊದಲೇ ನಡೆದುಹೋಗಿತ್ತು.

ಕೈ ನೋಯುತ್ತಿದೆ, ನಿಲ್ಲಿಸುತ್ತೇನೆ. ಬೂಟಿನ ವಿಷಯ ಮರೆಯಬೇಡ. ಸಮುದ್ರದ ಗಾಳಿಗೆ ಕಿವಿ ಮುಚ್ಚಿಕೊ. ನಿನಗೂ ಪಿಟೀಲಿಗೂ ಒಳ್ಳೆಯದಾಗಲಿ, ನಿಮ್ಮಿಬ್ಬರ ತಲೆಯ ಮೇಲೆ ನನ್ನ ಕೈ ಇದೆ ಎಂದುಕೊಳ್ಳಿ. ಅವಳ ಎರಡು ಕೆನ್ನೆಗೂ ಒಂದೊಂದು ಮುತ್ತು, ಗಡ್ಡ ಚುಚ್ಚುತ್ತದೆ ಎಂದರೆ ಬೋಳಿಸಿಕೊಂಡಿದ್ದೇನೆ ಎಂದು ಹೇಳು.

ಎಂದೆಂದಿಗೂ ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಹರಿದು ಬರೆಯುತ್ತಿದ್ದೇನೆ, ಅಂಚೆಯವನು ನಾಲ್ಕಕ್ಕೆ ಡಬ್ಬಿ ತೆಗೆಯುತ್ತಾನೆ. ಪಿಟೀಲನ್ನು ಇಲ್ಲಿ ಬಿಡಬೇಡ. ಹೋದ ತಿಂಗಳು ನೀನು ಬಿಟ್ಟುಹೋದ ಎರಡನೇ ದಿನ ಬೆಳಿಗ್ಗೆ ಒಲೆಯ ಮೇಲಿದ್ದ ಹಾಲು ಉಕ್ಕಿ ಉರಿ ಆರಿತ್ತು, ಗ್ಯಾಸು ಬರುತ್ತಲೇ ಇತ್ತು. ಚಳಿಯೆಂದು ಕಿಟಕಿ ಎಲ್ಲ ಹಾಕಿದ್ದೆ. ಅದೇ ಅಡುಗೆಮನೆಯಲ್ಲಿ, ಮೇಜಿನ ಕೆಳಗೆ ಚಮಚ ಹಿಡಿದು ಕೂತಿದ್ದ ಅವಳ ಪಕ್ಕದಲ್ಲೇ ಕೂತು ನಾನು ಡಿಕ್ಷನರಿಯ ಚಿತ್ರ ತೋರಿಸುತ್ತಿದ್ದೆ. ಎಷ್ಟು ಹೊತ್ತೋ ತಿಳಿಯದು. ಹಾಲು ಆರಿದೆ, ಮತ್ತೆ ಬಿಸಿ ಮಾಡೋಣ ಎಂದು ಎದ್ದೆ. ದರ್ಜಿಯಮ್ಮ ಮೆಟ್ಟಿಲಿನಿಂದಲೇ ವಾಸನೆ ಹಿಡಿದು ಓಡಿಬಂದು ಬಾಗಿಲು ಒದೆಯದೆ ಇದ್ದಿದ್ದರೆ, ನನ್ನ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು ಮಗಳೇ, ಕಡ್ಡಿಯನ್ನೂ ತೆಗೆದಿದ್ದೆ. ಅವಳು ಮಗುವನ್ನು ಕಿತ್ತುಕೊಂಡು ಕೆಳಗೆ ಓಡಿದಳು. ಮಗು ಎರಡು ಸಲ ವಾಂತಿ ಮಾಡಿ ಮಧ್ಯಾಹ್ನದವರೆಗೆ ಸಪ್ಪಗೆ ಮಲಗಿತ್ತು. ಸಂಜೆ ನೀನು ಫೋನು ಮಾಡಿದಾಗ ಆಡಿ ಆಡಿ ಸುಸ್ತಾಗಿದ್ದಾಳೆ ಎಂದೆ. ಶಾಲಿನ ಜೊತೆಗಿಟ್ಟ ಪತ್ರದಲ್ಲಿ ನಿನ್ನ ಚಿಕ್ಕಮ್ಮನಿಗೆ ಇದೆಲ್ಲ ಬರೆದು ನಾಲ್ಕು ತಿಂಗಳು ಮಗುವನ್ನು ಇಟ್ಟುಕೊ ಎಂದು ಕೇಳಿದ್ದೇನೆ, ಅವಳಿಗೆ ಈಗಲೇ ಫೋನು ಮಾಡು. ಅವಳು ಒಲ್ಲೆ ಎಂದರೆ ಹಡಗು ಬಿಡು, ನನ್ನನ್ನು ಬೈಯುತ್ತಾ ಬಿಡು. ಮುಂದಿನ ವಾರ ನಾನೇ ಫೋನು ಮಾಡಿ, ಯಂತ್ರ ಹಾಕಿಸಿದೆ, ಮೂಗು ತೆರೆಯಿತು, ಬೆಳಿಗ್ಗೆ ಕಾಫಿಯ ವಾಸನೆ ಬಂತು, ಕರೆದುಕೊಂಡು ಬಾ ಎನ್ನುತ್ತೇನೆ. ನನಗೆ ನನ್ನ ಬುದ್ಧಿ ಗೊತ್ತು. ನಂಬಬೇಡ. ಅವಳು ಇಲ್ಲಿ ಇರಬೇಕು ಎಂಬ ಆಸೆಗೆ ನಾನು ಏನನ್ನು ಬೇಕಾದರೂ ಮೂಸಬಲ್ಲೆ.